ಎಂಜಿನ್ ಕೂಗಿದರೆ ಕೂಗಲಿ ಬಿಡಿ: ಟ್ರೇಲರ್ ಎಳೆಯುವ ಪೆಟ್ರೋಲ್ ಪಿಕಪ್‌ಗಳು

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಅಮೆರಿಕದಲ್ಲಿರುವ ನಮ್ಮವರಿಗೆ. ಅದರಲ್ಲೂ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕೊಂಡವರಿಗೆ, ಕೊಳ್ಳಬೇಕೆಂದು ಲೆಕ್ಕ ಹಾಕುತ್ತಿರುವವರಿಗೆ, ದೋಣಿಯನ್ನೋ ಕುದುರೆ ಟ್ರೇಲರನ್ನೋ ಎಳೆಯಬೇಕಾದವರಿಗೆ. ಮುಕ್ಕಾಲು ಟನ್ ಅಥವಾ ಒಂದು ಟನ್ ವರ್ಗದ ದೊಡ್ಡ ಪಿಕಪ್ ತೆಗೆದುಕೊಳ್ಳುವಾಗ ಯಾವ ಪೆಟ್ರೋಲ್ ಎಂಜಿನ್ ಆರಿಸಬೇಕು ಅನ್ನುವುದು ಪ್ರಶ್ನೆ.

ಊರಿನಲ್ಲಿ ಭಾರ ಎಳೆಯುವುದು ಅಂದರೆ ಡೀಸೆಲ್. ಲಾರಿ, ಟ್ರ್ಯಾಕ್ಟರ್, ಬಸ್ಸು, ಎಲ್ಲವೂ ಡೀಸೆಲ್. ಬೇಗ ಗೇರ್ ಏರಿಸು, ಎಂಜಿನ್ ಚೀರಿಸಬೇಡ ಎಂದು ಡ್ರೈವಿಂಗ್ ಸ್ಕೂಲಿನಲ್ಲೇ ಬೈಸಿಕೊಂಡು ಬಂದವರು ನಾವು. ಅದೇ ಅಭ್ಯಾಸ ಇಟ್ಟುಕೊಂಡು ಪೆಟ್ರೋಲ್ ಪಿಕಪ್‌ಗೆ ಟ್ರೇಲರ್ ಕಟ್ಟಿ ಘಾಟಿ ಹತ್ತಿದರೆ ಏನಾಗುತ್ತದೆ? ಮುಳ್ಳು 4000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮುಟ್ಟಿದ ಕೂಡಲೇ ಗಾಬರಿಯಾಗಿ ಕಾಲು ತೆಗೆಯುತ್ತಾರೆ. ಆಮೇಲೆ ಎಂಜಿನ್‌ನಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಾರೆ. ಶಕ್ತಿ ಇದೆ ಸ್ವಾಮಿ, 4000ದ ಮೇಲೆ ಇದೆ. ಎಂಜಿನ್ ಕೂಗಿದರೆ ಕೂಗಲಿ ಬಿಡಿ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ, ಇದನ್ನೇ ಇನ್ನೂ ನಾಲ್ಕು ಸಲ ಹೇಳುತ್ತೇನೆ.

ಮೊದಲು ಅಂಗಡಿಯಲ್ಲಿ ಏನೇನಿದೆ ನೋಡೋಣ. ಫೋರ್ಡ್ ಸೂಪರ್ ಡ್ಯೂಟಿಯಲ್ಲಿ 7.3 ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಬಂದದ್ದು 2020ರ ಮಾದರಿಯಿಂದ. 'ಗಾಡ್‌ಜಿಲ್ಲಾ' ಅಂತ ಅದಕ್ಕೆ ಅಡ್ಡಹೆಸರು. ಬೀಡುಕಬ್ಬಿಣದ ಬ್ಲಾಕ್, ವಾಲ್ವ್ ತೆರೆಯಲು ಹಳೇ ಕಾಲದ ಪುಶ್‌ರಾಡ್, ಪೆಟ್ರೋಲ್ ಸಿಂಪಡಿಸುವುದು ಇನ್‌ಟೇಕ್ ಪೋರ್ಟ್‌ನಲ್ಲಿ. 5500 ಆರ್‌ಪಿಎಂನಲ್ಲಿ 430 ಹಾರ್ಸ್‌ಪವರ್, 4000ದಲ್ಲಿ 475 ಪೌಂಡ್-ಫುಟ್ ಟಾರ್ಕ್, ಅಂದರೆ ತಿರುಚುವ ಬಲ. 2023ರಿಂದ ಟಾರ್ಕ್ 485. ಅದೇ ವರ್ಷ ಬಂದ ಇದರ ತಮ್ಮ 6.8 ಲೀಟರ್ ವಿ8ಗೆ 405 ಹಾರ್ಸ್‌ಪವರ್, 445 ಪೌಂಡ್-ಫುಟ್. ಜಿಎಂ ಕಂಪನಿಯ ಷೆವರ್ಲೆ ಮತ್ತು ಜಿಎಂಸಿ ಹೆವಿ ಡ್ಯೂಟಿಯಲ್ಲಿ 6.6 ಲೀಟರ್, 401 ಹಾರ್ಸ್‌ಪವರ್, 464 ಪೌಂಡ್-ಫುಟ್. ರ‍್ಯಾಮ್ 2500ರಲ್ಲಿ 2014ರಿಂದ 6.4 ಲೀಟರ್ ಹೆಮಿ ವಿ8, 2024ರವರೆಗೆ 410, ಆಮೇಲೆ 405 ಹಾರ್ಸ್‌ಪವರ್, 429 ಪೌಂಡ್-ಫುಟ್. ಸಿಲಿಂಡರ್‌ಗೆ ಎರಡರಂತೆ ಹದಿನಾರು ಸ್ಪಾರ್ಕ್ ಪ್ಲಗ್, ಬದಲಿಸುವ ದಿನ ಬಿಲ್ ನೋಡಿ ಬೆಚ್ಚಬೇಡಿ.

ಮೂರೂ ಕಂಪನಿಗಳ ಟಾರ್ಕ್ ಅಂಕಿ ಹೆಚ್ಚುಕಡಿಮೆ 4000 ಆರ್‌ಪಿಎಂನಲ್ಲೇ ಬರುತ್ತದೆ, ಹಾರ್ಸ್‌ಪವರ್ ಅಂಕಿ 5000ದಲ್ಲೋ ಅದರ ಮೇಲೋ. ಈ ಅಂಕಿಗಳನ್ನು ಅಚ್ಚು ಹಾಕಿಸಿದ್ದು ಅವರೇ, ವಾರಂಟಿ ಕೊಡುವವರೂ ಅವರೇ. ಇನ್ನು ನಿಮಗೇಕೆ ಹೆದರಿಕೆ?

ಈಗ ಒಂದು ರಸ್ತೆಯ ಕಥೆ. ಹೂವರ್ ಅಣೆಕಟ್ಟಿನಿಂದ ಕೆಳಗೆ ಕೊಲೊರಾಡೊ ನದಿಗೆ ಡೇವಿಸ್ ಡ್ಯಾಮ್ ಅಂತ ಇನ್ನೊಂದು ಅಣೆಕಟ್ಟು ಇದೆ. ಈಚೆ ದಡ ಅರಿಜೋನಾ, ಆಚೆ ದಡ ನೆವಾಡಾ. ಅರಿಜೋನಾ ಕಡೆ ಬುಲ್‌ಹೆಡ್ ಸಿಟಿಯಿಂದ ರಾಜ್ಯ ಹೆದ್ದಾರಿ 68 ಹೊರಟು ಬೋಳು ಬೆಟ್ಟ ಏರಿ ಯೂನಿಯನ್ ಪಾಸ್ ತಲುಪುತ್ತದೆ. 11.4 ಮೈಲಿ, ಏರು ಸುಮಾರು 3000 ಅಡಿ. ನೆರಳಿಲ್ಲ, ಗಾಳಿಯೂ ಬೆಂಕಿ.

ಹಿಂದೆ ಟ್ರಕ್ ಎಷ್ಟು ಎಳೆಯುತ್ತದೆ ಅನ್ನುವುದನ್ನು ಕಂಪನಿಗಳು ತಮಗೆ ತೋಚಿದಂತೆ ಬರೆದುಕೊಳ್ಳುತ್ತಿದ್ದವು. ಒಬ್ಬರು ಹತ್ತು ಸಾವಿರ ಪೌಂಡ್ ಅಂದರೆ ಪಕ್ಕದವರು ಹತ್ತು ಸಾವಿರದ ಇನ್ನೂರು ಅನ್ನುವರು. ಈ ಹರಾಜು ನಿಲ್ಲಿಸಲೆಂದು ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಸ್ಥೆ ಜೆ2807 ಎಂಬ ಮಾನದಂಡ ಬರೆಯಿತು. ಮೊದಲು ಒಪ್ಪಿಕೊಂಡದ್ದು ಟೊಯೋಟಾ, 2011ರ ಮಾದರಿಯಲ್ಲಿ. ತನ್ನ ಟಂಡ್ರಾ ಪಿಕಪ್ಪಿನ ಅಂಕಿಯನ್ನು ತಾನೇ ಇಳಿಸಿಕೊಂಡಿತು. ಉಳಿದವರು ವರ್ಷಗಟ್ಟಲೆ ಮೀನಮೇಷ ಎಣಿಸಿ ಆಮೇಲೆ ಬಂದರು.

ಆ ಮಾನದಂಡದ ಮುಖ್ಯ ಪರೀಕ್ಷೆಯೇ ಈ ಡೇವಿಸ್ ಡ್ಯಾಮ್ ಏರು. ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಎಸಿ ಪೂರ್ತಿ ತಣ್ಣಗೆ, ಫ್ಯಾನ್ ಪೂರ್ತಿ ಜೋರು, ಅದೂ ಒಳಗಿನ ಗಾಳಿ ತಿರುಗಿಸಿಕೊಂಡಲ್ಲ, ಹೊರಗಿನ ಬಿಸಿಗಾಳಿ ಎಳೆದುಕೊಂಡು. ಹಿಂದೆ ಪೂರ್ತಿ ತೂಕದ ಟ್ರೇಲರ್. ಹಿಂದಿನ ಆಕ್ಸಲ್‌ಗೆ ಎರಡೇ ಚಕ್ರದ ಗಾಡಿಯಾದರೆ ವೇಗ 40 ಮೈಲಿಗಿಂತ ಕೆಳಗೆ ಇಳಿಯಬಾರದು, ನಾಲ್ಕು ಚಕ್ರದ ಡ್ಯೂಯಲಿಗೆ 35. ಎಚ್ಚರಿಕೆ ದೀಪ ಉರಿಯಬಾರದು, ಯಾವ ಭಾಗವೂ ಕೆಡಬಾರದು.

ಈ ಏರಿನ ಮೇಲೆ ಲೆಕ್ಕ ಹಾಕಿ ನೋಡಿ. 7000 ಪೌಂಡ್ ಟ್ರಕ್, 15000 ಪೌಂಡ್ ಟ್ರೇಲರ್, ಒಟ್ಟು 22000. ಏರು ನೂರಕ್ಕೆ ಐದು. 40 ಮೈಲಿ ವೇಗದಲ್ಲಿ ಆ ತೂಕವನ್ನು ಮೇಲೆತ್ತುವುದಕ್ಕೇ ಸುಮಾರು 117 ಹಾರ್ಸ್‌ಪವರ್ ಬೇಕು. ಗಾಳಿಯ ತಡೆ, ಟೈರಿನ ಉರುಳು, ಗೇರ್‌ಬಾಕ್ಸ್‌ನಲ್ಲಿ ಸೋರಿಹೋಗುವುದು, ಎಲ್ಲ ಸೇರಿಸಿದರೆ 190ರ ಹತ್ತಿರ. ಇನ್ನು ಸೂತ್ರ: ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದರೆ ಹಾರ್ಸ್‌ಪವರ್. 2000 ಆರ್‌ಪಿಎಂನಲ್ಲಿ 190 ಬೇಕೆಂದರೆ ಟಾರ್ಕ್ 499 ಇರಬೇಕು. ದೊಡ್ಡ 7.3 ಎಂಜಿನ್‌ಗೂ ಅದು ಆಗದ ಮಾತು. ಅದೇ 4000ದಲ್ಲಿ? 249 ಸಾಕು, ಅದರ ಅರ್ಧ ಬಲ. ಅಂದರೆ 4000ದಲ್ಲಿ ಕೂಗುತ್ತಿರುವ ಎಂಜಿನ್ ಆರಾಮವಾಗಿದೆ. 2000ದಲ್ಲಿ ಗುಂಯ್ ಅನ್ನುತ್ತಾ ಉಸಿರು ಕಟ್ಟಿ ಎಳೆಯುತ್ತಿರುವುದೇ ಕಷ್ಟದಲ್ಲಿದೆ. ಡೀಸೆಲ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಇದೆ, 1600ರಲ್ಲೇ ಸಾವಿರ ಪೌಂಡ್-ಫುಟ್ ಕೊಡುತ್ತದೆ, ಅದರ ದಾರಿ ಬೇರೆ. ಪೆಟ್ರೋಲ್ ಎಂಜಿನ್ ಕೂಗಬೇಕು.

ಇಲ್ಲಿಂದಲೇ ಬರುತ್ತದೆ ಆಕ್ಸಲ್ ಅನುಪಾತ. ಡೀಲರ್ ಹತ್ತಿರ ಎಲ್ಲರೂ ಹಾರ್ಸ್‌ಪವರ್ ಕೇಳುತ್ತಾರೆ, ಸೀಟಿನ ಚರ್ಮ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ. 3.55, 3.73, 4.10, 4.30, ಹೀಗೆ ಬರೆದಿರುತ್ತದೆ. ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಹೋಗುವ ಕೋಲು) ಎಷ್ಟು ಸುತ್ತಬೇಕು ಅನ್ನುವ ಅಂಕಿ ಅದು. ಉದ್ದದ ಹಾರೆಯಲ್ಲಿ ಕಲ್ಲು ಮೀಟಿದ ಹಾಗೆ: ಕೈ ಹೆಚ್ಚು ದೂರ ಆಡಿಸಬೇಕು, ಕಲ್ಲು ಸುಲಭವಾಗಿ ಏಳುತ್ತದೆ. ಫೋರ್ಡ್‌ನಲ್ಲಿ ಎಳೆಯುವುದಕ್ಕೇ ಗಾಡಿ ತೆಗೆದುಕೊಳ್ಳುತ್ತಿದ್ದರೆ 4.30 ಕೇಳಿ, ರ‍್ಯಾಮ್‌ನಲ್ಲಿ 4.10. ಖಾಲಿ ಓಡಿಸುವಾಗ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ದೊಡ್ಡ ಟ್ರೇಲರ್ ಕಟ್ಟಿದ ಮೇಲೆ ಗ್ಯಾಲನ್‌ಗೆ ಹೇಗೂ 8ರಿಂದ 10 ಮೈಲಿಯೇ.

ಷೆವರ್ಲೆ ಹಳೆಯದು ನೋಡುತ್ತಿದ್ದರೆ ಗೇರ್‌ಬಾಕ್ಸ್ ಗಮನಿಸಿ. 2020ರಿಂದ 2023ರವರೆಗೆ 6.6ರ ಹಿಂದೆ ಇದ್ದದ್ದು ಆರು ಗೇರ್. ಮೂರನೆಯ ಗೇರಿನ ಅನುಪಾತ 1.53, ನಾಲ್ಕನೆಯದರದ್ದು 1.15, ನಡುವೆ ದೊಡ್ಡ ಕಂದಕ. ಏರಿನಲ್ಲಿ ನಾಲ್ಕರಲ್ಲಿ ಉಸಿರು ಕಟ್ಟುತ್ತದೆ, ಮೂರಕ್ಕೆ ಇಳಿದರೆ 65 ಮೈಲಿಯಲ್ಲಿ ಆರ್‌ಪಿಎಂ 3000ದಿಂದ ನೇರ 4000ಕ್ಕೆ ಹಾರುತ್ತದೆ. ಹಾರಲಿ ಬಿಡಿ, ಅದೇ ಸರಿಯಾದ ಜಾಗ. 2024ರಿಂದ ಹತ್ತು ಗೇರ್ ಬಂದು ಈ ಕಂದಕ ಮುಚ್ಚಿದೆ. ಫೋರ್ಡ್‌ನ 7.3ಕ್ಕೆ ಮೊದಲಿನಿಂದಲೂ ಹತ್ತು, ಹೆಮಿಗೆ 2019ರಿಂದ ಎಂಟು.

ಡೇವಿಸ್ ಡ್ಯಾಮ್‌ನಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಎತ್ತರ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಡೆನ್ವರ್‌ನ ಪಶ್ಚಿಮಕ್ಕೆ ಐ-70ರಲ್ಲಿ ಐಸೆನ್‌ಹೋವರ್ ಸುರಂಗ ಇರುವುದು 11158 ಅಡಿಯಲ್ಲಿ. ಅಲ್ಲಿ ನಿಮ್ಮ 430 ಹಾರ್ಸ್‌ಪವರ್‌ನಲ್ಲಿ ಮೂರನೇ ಒಂದು ಭಾಗ ಇರುವುದೇ ಇಲ್ಲ. ಬಲಗಡೆಯ ಲೇನ್, ಕೆಳಗಿನ ಗೇರ್, ಕೂಗುವ ಎಂಜಿನ್. ಕೊಲೊರಾಡೊದಲ್ಲಿ ಪ್ರತಿ ವಾರ 15000 ಪೌಂಡ್ ಎಳೆಯುವವರು ಡೀಸೆಲ್ ತೆಗೆದುಕೊಳ್ಳಿ, ಸುಮ್ಮನೆ ವಾದ ಬೇಡ. ಬೇಸಿಗೆಯಲ್ಲಿ ನಾಲ್ಕಾರು ವಾರಾಂತ್ಯ ಎಳೆಯುವವರು ಡೀಸೆಲ್ ಎಂಜಿನ್‌ಗೆ ಹೆಚ್ಚಿಗೆ ಕೊಡಬೇಕಾದ ಸುಮಾರು ಹತ್ತು ಸಾವಿರ ಡಾಲರ್ ಉಳಿಸಿ.

ತೂಕ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಚೀಟಿ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿದೆ. 10000 ಪೌಂಡ್ ಟ್ರಾವೆಲ್ ಟ್ರೇಲರಿನಿಂದ ಗಾಡಿಯ ಮೇಲೆ ಬೀಳುವ ಮೂಗಿನ ಭಾರ ನೂರಕ್ಕೆ ಹದಿಮೂರರಂತೆ 1300. ತೂಕ ಹಂಚುವ ಹಿಚ್, ಅಂದರೆ ಟ್ರೇಲರ್ ಕಟ್ಟುವ ಕೊಂಡಿ, 100. ನಾಲ್ಕು ಜನ 600. ಹಿಂದಿನ ಡಬ್ಬದಲ್ಲಿ ಜನರೇಟರ್, ಕಟ್ಟಿಗೆ, ಅಕ್ಕಿ, ಕುಕ್ಕರ್, ಎಲ್ಲ ಸೇರಿ 300. ಆಗಲೇ 2300 ಆಯಿತು. ಡೀಸೆಲ್ ಎಂಜಿನ್‌ನ ಹೆಚ್ಚಿನ ತೂಕವೂ ಇದೇ ಚೀಟಿಯಿಂದ ಕಳೆಯುತ್ತದೆ. ಹಾಗಾಗಿ ಮುಕ್ಕಾಲು ಟನ್ ಗಾಡಿಯಲ್ಲಿ ಸಾಮಾನು ಹೊರುವುದಕ್ಕೆ ಪೆಟ್ರೋಲ್ ಗಾಡಿಯೇ ಮೇಲು.

ಇಳಿಜಾರು. ಹೊರಡುವ ಮುಂಚೆಯೇ ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಗುಂಡಿ ಒತ್ತಿ. ಇಳಿಯುವಾಗ ಒಂದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಬಿಟ್ಟರೆ ಗೇರ್ ತಾನೇ ಕೆಳಗಿಳಿದು ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. 4500ರಲ್ಲಿ ಕೂಗುತ್ತದೆ, ಅಲ್ಲೂ ಕೂಗಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾಯ್ದು ಹಿಡಿಯುವುದನ್ನೇ ಬಿಡುತ್ತವೆ. ಟ್ರೇಲರ್ ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಅಂಕಿ, ಅಂದರೆ ಗೇನ್, ಹೊಂದಿಸಲು ಒಣ ರಸ್ತೆಯಲ್ಲಿ 25 ಮೈಲಿಗೆ ಹೋಗಿ, ಕಾಲು ತೆಗೆದು ಟ್ರೇಲರ್ ಬ್ರೇಕಿನ ಕೈ ಲಿವರ್ ಪೂರ್ತಿ ಹಿಂಡಿ. ಟ್ರೇಲರ್ ಚಕ್ರ ಜಾರಿದರೆ ಅಂಕಿ ಇಳಿಸಿ, ಎಳೆತವೇ ತಿಳಿಯದಿದ್ದರೆ ಏರಿಸಿ.

ಕೊನೆಗೆ ಹಳೆಯ ಗಾಡಿ. 1999ರ ನಂತರದ ಫೋರ್ಡ್ ವಿ10ರಲ್ಲಿ ಶುರುವಿನ ಎರಡು-ವಾಲ್ವ್ ಎಂಜಿನ್‌ಗಳ ಪ್ಲಗ್ ಹಿಡಿಯುವ ತಿರುಪು ಎಳೆಗಳು ಕಡಿಮೆ, ಪ್ಲಗ್ ಕಿತ್ತು ಹೊರಗೆ ಹಾರುವುದುಂಟು. ಹೊಸ ಎಳೆಗಳಿರುವ ರಿಪೇರಿ ಇನ್ಸರ್ಟ್ ಹಾಕಿಸಿದೆಯೇ ಎಂದು ರಸೀದಿ ಕೇಳಿ. ಹೆಮಿಯಲ್ಲಿ ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ತುಂಡಾಗುವುದು ಮಾಮೂಲು. ಎಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಅನ್ನುತ್ತದೆ, ಕಾಯ್ದಾಗ ಲೋಹ ಹಿಗ್ಗಿ ಸಂದು ಮುಚ್ಚಿ ಸದ್ದು ನಿಲ್ಲುತ್ತದೆ. ಕಾಯ್ದ ಮೇಲೂ ಸದ್ದು ನಿಲ್ಲದಿದ್ದರೆ ವಾಲ್ವ್ ಎತ್ತುವ ಲಿಫ್ಟರಿನ ರೋಲರ್ ಸವೆದು ಕ್ಯಾಮ್‌ಶಾಫ್ಟ್ ತಿನ್ನುತ್ತಿರಬಹುದು, ಅದು ದುಬಾರಿ ಕಾಯಿಲೆ. ಗಾಡಿ ನೋಡಲು ಹೋಗುವ ಮುಂಚೆ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ವಾಪಸ್ ಬನ್ನಿ.

ನಮಸ್ಕಾರ.