ಎರಡು ದಿನದಲ್ಲಿ 11 ಹಾಡು

ಕೇಳುಗರಿಗೆ ನಮಸ್ಕಾರ. ನಮ್ಮ ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಕರಡಿ ಮಜಲಿನ ಪಕ್ಕದಲ್ಲೇ ನಿಂತು ಕೇಳಿದ್ದೀರಲ್ವಾ? ಬಡಿತ ನೇರ ಎದೆಗೇ ತಾಗುತ್ತದೆ. ಇಂಗ್ಲೆಂಡಿನ ಮೋಟರ್‌ಹೆಡ್ ತಂಡದ ಮೊದಲ ಆಲ್ಬಂ ಹಾಕಿದಾಗಲೆಲ್ಲ ನನಗೆ ಹಾಗೇ ಆಗುತ್ತದೆ.

ಹಾಕ್‌ವಿಂಡ್ ಎಂಬ ರಾಕ್ ತಂಡ 1975ರಲ್ಲಿ ತನ್ನ ಬೇಸ್ (ದಪ್ಪ ದನಿಯ ಗಿಟಾರ್) ವಾದಕ ಲೆಮ್ಮಿಯನ್ನು ಹೊರಗೆ ಹಾಕಿತು. ಅದೇ ವರ್ಷ ಆತ ಸ್ವಂತ ತಂಡ ಕಟ್ಟಿದ, ಅದೇ ಮೋಟರ್‌ಹೆಡ್. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ 'ಆನ್ ಪೆರೋಲ್' ಎಂಬ ಆಲ್ಬಂ ಮಾಡಿ ಮುಗಿಸಿದರು. ರೆಕಾರ್ಡ್ ಕಂಪನಿಗೆ ಹಿಡಿಸಲಿಲ್ಲ. ಅದು ಹೊರಬಂದದ್ದು 1979ರಲ್ಲಿ!

1977ರ ಹೊತ್ತಿಗೆ ಗಿಟಾರಿಗೆ ಎಡ್ಡಿ ಕ್ಲಾರ್ಕ್, ಡ್ರಮ್ಸ್‌ಗೆ ಫಿಲ್ ಟೇಲರ್ ಇದ್ದರು. ತಂಡ ಮುಚ್ಚುವ ಮಾತೂ ನಡೆದಿತ್ತು. ಆಗ ಚಿಸ್ವಿಕ್ ಎಂಬ ಇನ್ನೊಂದು ರೆಕಾರ್ಡ್ ಕಂಪನಿಯ ಟೆಡ್ ಕ್ಯಾರೊಲ್ ಒಂದು ಸಿಂಗಲ್‌ಗೆಂದು (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್) ಎರಡು ದಿನ ಸ್ಟುಡಿಯೋ ಕೊಡಿಸಿದರು. ಇವರು 11 ಹಾಡು ನುಡಿಸಿಟ್ಟರು. ದನಿ ಆಮೇಲೆ ಸೇರಿಸಿದರು. ಕೊನೆಗೆ 8 ಹಾಡು ಅವರ ಮೊದಲ ಆಲ್ಬಂ ಆಗಿ ಹೊರಬಂದವು.

ಐದು ಹಾಡುಗಳು 'ಆನ್ ಪೆರೋಲ್' ಮತ್ತು ಈ ಆಲ್ಬಂ ಎರಡರಲ್ಲೂ ಇವೆ. ಮೊನ್ನೆ ರಾತ್ರಿ ಅವನ್ನು ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಹಳೆಯದರಲ್ಲಿ ಎಲ್ಲ ಒಪ್ಪವಾಗಿದೆ, ಆದರೆ ಕಾವು ಕಡಿಮೆ. 1977ರದ್ದು ಒರಟು. ದನಿ ಗದ್ದಲದಲ್ಲಿ ಮುಳುಗುತ್ತದೆ, ಡ್ರಮ್ಸ್ ಮಂಕು. ಆದರೂ ನನ್ನ ಮಟ್ಟಿಗೆ ಅದೇ ಮೇಲು. ಇನ್ನೊಂದು ಅವಕಾಶ ಸಿಗಲಿಕ್ಕಿಲ್ಲ ಎಂದುಕೊಂಡವರ ಹಾಗೆ ಮೂವರೂ ಮೈಮೇಲೆ ಬಂದಂತೆ ನುಡಿಸಿದ್ದಾರೆ.

ತಂಡದ ಹೆಸರಿನ ಹಾಡನ್ನೇ ನೋಡಿ. ಮೊದಲು ಬೇಸ್ ಒಂದೇ ಗುರುಗುಟ್ಟುತ್ತದೆ. ಲೆಮ್ಮಿ ಮೊದಲು ಗಿಟಾರ್ ನುಡಿಸುತ್ತಿದ್ದವನು. ಹಾಗಾಗಿ ಬೇಸ್‌ನಲ್ಲೂ ಒಂದೊಂದೇ ತಂತಿ ಮೀಟದೆ ಕಾರ್ಡ್ ಹೊಡೆಯುತ್ತಾನೆ, ಅಂದರೆ ಹಲವು ತಂತಿ ಒಟ್ಟಿಗೇ ಮೀಟುತ್ತಾನೆ. ಗಿಟಾರ್ ಯಾವುದು, ಬೇಸ್ ಯಾವುದು ಅಂತ ಗೊತ್ತಾಗಲ್ಲ. ಲಂಡನ್ನಿನಲ್ಲಿ ಅದು ಪಂಕ್ ಎಂಬ ಒರಟು, ವೇಗದ ರಾಕ್ ಕುದಿಯುತ್ತಿದ್ದ ವರ್ಷ. ಈ ಉದ್ದ ಕೂದಲಿನವರನ್ನು ಪಂಕ್ ಹುಡುಗರೂ ಮೆಚ್ಚಿಕೊಂಡರು. ಪಂಕ್‌ನ ಓಟ, ಹೆವಿ ಮೆಟಲ್ ಎಂಬ ಗಡಸು ರಾಕ್‌ನ ಭಾರ ಎರಡೂ ಇಲ್ಲಿವೆಯಲ್ಲ. ಲೆಮ್ಮಿ ಮಾತ್ರ ಕೊನೆತನಕ 'ನಾವು ನುಡಿಸೋದು ರಾಕ್ ಎನ್ ರೋಲ್' ಅಂತಲೇ ಹೇಳುತ್ತಿದ್ದ.

ಇದೇ ಅವರ ಅತ್ಯುತ್ತಮ ಆಲ್ಬಂ ಅನ್ನಲಾರೆ. 1979ರ 'ಓವರ್‌ಕಿಲ್'ನಲ್ಲಿ ಟೇಲರ್ ಎರಡು ಬೇಸ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ತುಳಿಯುತ್ತಾನೆ, ಎಲ್ಲವೂ ಸ್ಪಷ್ಟ ಕೇಳುತ್ತದೆ. ಆದರೆ ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎನ್ನುವುದು ನನ್ನ ಆಸೆ. ಸಣ್ಣ ದನಿಯಲ್ಲಿ ಮಾತ್ರ ಕೇಳಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ದನಿ ಏರಿಸಿ. ಆ ಬೇಸ್ ಶುರುವಾದಾಗ ಸ್ಪೀಕರಿನ ಮೇಲೆ ಕೈ ಇಟ್ಟು ನೋಡಿ. ನಮಸ್ಕಾರ.