ಬಿಗ್ ಬ್ಯಾಂಗ್ ಕಂಡುಹಿಡಿದ ಪಾದ್ರಿಗೆ ಪೋಪ್ ಮಾತು ಯಾಕೆ ಹಿಡಿಸಲಿಲ್ಲ?

ನಮಸ್ಕಾರ. ಕ್ರೈಸ್ತ ನಂಬಿಕೆ ಮತ್ತು ವಿಜ್ಞಾನ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಗೆಲಿಲಿಯೋ, ಅಲ್ವಾ? 1633ರಲ್ಲಿ ಚರ್ಚ್ ಅವರನ್ನು ವಿಚಾರಣೆಗೆ ನಿಲ್ಲಿಸಿತು, ಭೂಮಿ ಸುತ್ತುತ್ತದೆ ಎಂಬ ಮಾತನ್ನು ಮಂಡಿಯೂರಿಸಿ ವಾಪಸ್ ತೆಗೆಸಿತು, ಆಮೇಲೆ ಸಾಯುವವರೆಗೂ ಮನೆಯಲ್ಲೇ ಕೂಡಿಹಾಕಿತು. ಆಗಿದ್ದು ತಪ್ಪು ಎಂದು ಪೋಪ್ ಎರಡನೇ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡಿದ್ದು 1992ರಲ್ಲಿ. ಲೆಕ್ಕ ಹಾಕಿ, 359 ವರ್ಷ! ಇದಕ್ಕೆ ಸಬೂಬು ಹೇಳುವ ಉದ್ದೇಶ ನನಗಿಲ್ಲ.

ಆದರೆ ಇವತ್ತು ಹೇಳಬೇಕಾಗಿರುವುದು ಇನ್ನೊಬ್ಬರ ಕಥೆ.

(ಪರದೆಯ ಮೇಲೆ: ಪಾದ್ರಿಯ ಬಿಳಿ ಕಾಲರ್ ತೊಟ್ಟ, ಕನ್ನಡಕ ಹಾಕಿದ ವ್ಯಕ್ತಿ, ಪಕ್ಕದಲ್ಲಿ ಐನ್‌ಸ್ಟೈನ್)

ಇವರು ಜಾರ್ಜ್ ಲೆಮೇತ್ರೆ. ಬೆಲ್ಜಿಯಂನವರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು ಬಂದವರು, 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. ಪಾದ್ರಿಯಾಗಲು ಓದುವಾಗಲೇ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೂ ಓದಿಕೊಂಡಿದ್ದರು. 1927ರಲ್ಲಿ ಒಂದು ಪ್ರಬಂಧ ಬರೆದರು. ದೂರದ ಗ್ಯಾಲಕ್ಸಿಗಳಿಂದ ಬರುವ ಬೆಳಕು ಕೆಂಪಿನ ಕಡೆಗೆ ವಾಲಿರುತ್ತದೆ, ಅಂದರೆ ಅವು ನಮ್ಮಿಂದ ದೂರ ಓಡುತ್ತಿವೆ, ಎರಡು ಪಟ್ಟು ದೂರ ಇದ್ದರೆ ಎರಡು ಪಟ್ಟು ವೇಗ. ಯಾಕೆ ಹೀಗೆ? ಗ್ಯಾಲಕ್ಸಿಗಳ ನಡುವಿನ ಜಾಗವೇ ಹಿಗ್ಗುತ್ತಿದೆ ಎಂದರು ಲೆಮೇತ್ರೆ. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಸಿಕ್ಕ ಐನ್‌ಸ್ಟೈನ್, ನಿಮ್ಮ ಗಣಿತ ಸರಿಯಾಗಿದೆ, ಭೌತಶಾಸ್ತ್ರ ಮಾತ್ರ ಅಸಹ್ಯ ಎಂಬರ್ಥದ ಮಾತು ಹೇಳಿದರಂತೆ. ಆಗಿನ ಕಾಲಕ್ಕೆ ಬ್ರಹ್ಮಾಂಡ ಎಂದರೆ ಅಲುಗಾಡದೆ ಇರುವಂಥದ್ದು ಎಂಬುದೇ ಎಲ್ಲರ ನಂಬಿಕೆ. ಎರಡೇ ವರ್ಷಕ್ಕೆ ಅಮೆರಿಕದ ಖಗೋಳವಿಜ್ಞಾನಿ ಹಬಲ್ ಅವರ ದೂರದರ್ಶಕದ ಅಳತೆಗಳು ಬಂದವು, ಐನ್‌ಸ್ಟೈನ್ ಕೂಡ ಒಪ್ಪಬೇಕಾಯಿತು.

1931ರಲ್ಲಿ ಲೆಮೇತ್ರೆ ಇನ್ನೂ ಮುಂದೆ ಹೋದರು. ಹಿಗ್ಗುತ್ತಾ ಬಂದಿರುವುದನ್ನು ಹಿಂದಕ್ಕೆ ಓಡಿಸಿದರೆ? ಎಲ್ಲವೂ ಒಂದೇ ಒಂದು ಆದಿಕಣದಲ್ಲಿ ಬಂದು ಸೇರುತ್ತದೆ. ಇದೇ ಮುಂದೆ ಬಿಗ್ ಬ್ಯಾಂಗ್ ಆಯಿತು. ಆ ಹೆಸರು ಕೊಟ್ಟವರು ಈ ವಿಚಾರವನ್ನು ಒಪ್ಪದ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್, 1949ರ ಒಂದು ಬಿಬಿಸಿ ರೇಡಿಯೋ ಭಾಷಣದಲ್ಲಿ. ಹಾಯ್ಲ್ ನಾಸ್ತಿಕ. ಬ್ರಹ್ಮಾಂಡಕ್ಕೆ ಆರಂಭ ಎಂದರೆ ಹಿಂಬಾಗಿಲಿಂದ ದೇವರು ಬಂದಂತೆ ಎಂಬ ಗುಮಾನಿ ಅವರಿಗೆ. ಪಾದ್ರಿಯೊಬ್ಬರು ಹೇಳಿದ ಸಿದ್ಧಾಂತ ಬೇರೆ, ಗುಮಾನಿ ಬಾರದೆ ಇರುತ್ತದೆಯೇ?

ಈಗ 1951ಕ್ಕೆ ಬನ್ನಿ. ಪೋಪ್ ಹನ್ನೆರಡನೇ ಪಯಸ್ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಭಾಷಣ ಮಾಡುತ್ತಾ, ಬೈಬಲ್ಲಿನ 'ಬೆಳಕಾಗಲಿ' ಎಂಬ ಮಾತಿಗೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬ ಧಾಟಿಯಲ್ಲಿ ಮಾತಾಡಿದರು. ಲೆಮೇತ್ರೆ ಖುಷಿಯಾಗಬೇಕಿತ್ತು ಅಲ್ವಾ? ಅವರಿಗೆ ಕಸಿವಿಸಿಯಾಯಿತು. ಇಂಥ ಮಾತು ಮತ್ತೆ ಬಾರದಂತೆ ವ್ಯಾಟಿಕನ್ನಿನಲ್ಲಿ ಹೇಳಬೇಕಾದವರಿಗೆ ಹೇಳಿದರು. ಮರುವರ್ಷ ರೋಮಿನಲ್ಲಿ ಖಗೋಳವಿಜ್ಞಾನಿಗಳ ಅಂತರರಾಷ್ಟ್ರೀಯ ಸಭೆ ನಡೆದಾಗ ಪೋಪ್ ಮತ್ತೆ ಮಾತಾಡಿದರು, ಈ ವಾದ ಮಾತ್ರ ಎತ್ತಲಿಲ್ಲ.

ಯಾಕೆ ಬೇಡ? ಮೊದಲನೆಯದು ತೀರಾ ವ್ಯವಹಾರದ ಮಾತು. 1951ರಲ್ಲಿ ಬಿಗ್ ಬ್ಯಾಂಗ್‌ಗೆ ಗಟ್ಟಿ ಪುರಾವೆ ಇನ್ನೂ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು 1965ರಲ್ಲಿ. ನ್ಯೂಜೆರ್ಸಿಯ ದೊಡ್ಡ ಆಂಟೆನಾ ಒಂದರಲ್ಲಿ ಎತ್ತ ತಿರುಗಿಸಿದರೂ ನಿಲ್ಲದ ಸಣ್ಣ ಗುಂಯ್‌ಗುಡುವಿಕೆ. ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ಒಳಗಿದ್ದ ಪಾರಿವಾಳದ ಹಿಕ್ಕೆಯನ್ನೆಲ್ಲ ಕೆರೆದು ತೆಗೆದು ನೋಡಿದರು, ಸದ್ದು ಹೋಗಲಿಲ್ಲ. ಅದು ಬ್ರಹ್ಮಾಂಡದ ಎಳೆಯ ಕಾಲದಿಂದ ಉಳಿದುಬಂದ ಬಿಸಿಯ ಗುರುತು. ಅಕಸ್ಮಾತ್ ಪುರಾವೆ ಬ್ರಹ್ಮಾಂಡಕ್ಕೆ ಆರಂಭವೇ ಇಲ್ಲ ಎನ್ನುತ್ತಿದ್ದ ಹಾಯ್ಲ್ ಕಡೆಗೆ ವಾಲಿದ್ದರೆ? ಸಿದ್ಧಾಂತದ ಜೊತೆ ದೇವರನ್ನೂ ಬಿಡಬೇಕಿತ್ತಾ?

ಎರಡನೆಯದು ನಂಬಿಕೆಯ ಒಳಗಿನ ಮಾತು, ನನಗೆ ಜಾಸ್ತಿ ಹಿಡಿಸಿದ್ದು ಇದೇ. ಸೃಷ್ಟಿ ಎಂದರೆ ಮೊದಲ ಕ್ಷಣದಲ್ಲಿ ಒಂದು ಗುಂಡಿ ಒತ್ತಿದ್ದು ಅಂತ ಹಳೆಯ ಕ್ರೈಸ್ತ ಚಿಂತಕರೂ ತಿಳಿದಿರಲಿಲ್ಲ. ಬ್ರಹ್ಮಾಂಡಕ್ಕೆ ಆರಂಭವೇ ಇಲ್ಲದಿದ್ದರೂ ಅದರ ಇರುವಿಕೆಗೆ ದೇವರೇ ಆಧಾರ ಎನ್ನಬಹುದು ಎಂದು 13ನೇ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ವಾದಿಸಿದ್ದರು. ಲೆಮೇತ್ರೆಗೆ ಪ್ರಿಯವಾಗಿದ್ದುದು ಬೈಬಲ್ಲಿನ ಯೆಶಾಯ ಪ್ರವಾದಿ ಹೇಳುವ ಮರೆಯಲ್ಲಿರುವ ದೇವರು. ಸಮೀಕರಣದ ಕೊನೆಯಲ್ಲಿ ಉತ್ತರವಾಗಿ ಸಿಗುವ ದೇವರು ಅವರಿಗೆ ಬೇಕಿರಲಿಲ್ಲ. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿದೆ, ನಾಸ್ತಿಕರೂ ಆರಾಮಾಗಿ ಒಪ್ಪಬಹುದು ಎಂದು 1958ರಲ್ಲಿ ಹೇಳಿದರು.

ಹಾಗಾದರೆ ಎರಡು ದಾರಿ ಬೇರೆ ಬೇರೆ, ಜಗಳ ಮುಗಿಯಿತು ಅಂತೀರಾ? ಅಷ್ಟು ಸುಲಭ ಇಲ್ಲ. ನಕ್ಷತ್ರಗಳ ವಿಷಯದಲ್ಲಿ ಹೀಗೆ ಬೇಲಿ ಹಾಕಬಹುದು, ಮನುಷ್ಯನ ವಿಷಯದಲ್ಲಿ ಕಷ್ಟ. ಅಮೆರಿಕದ ಟೆನೆಸ್ಸಿಯಲ್ಲಿ 1925ರಲ್ಲಿ ವಿಕಾಸವಾದ ಪಾಠ ಮಾಡಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ಕೋರ್ಟ್ 100 ಡಾಲರ್ ದಂಡ ಹಾಕಿತ್ತು. ಕ್ಯಾಥೊಲಿಕ್ ಚರ್ಚ್ ಅಷ್ಟು ಬಿಗಿ ಹಿಡಿಯಲಿಲ್ಲ. ಇದೇ ಹನ್ನೆರಡನೇ ಪಯಸ್ 1950ರಲ್ಲಿ ಚರ್ಚಿಗೆ ಬರೆದ ಒಂದು ಪತ್ರದಲ್ಲಿ, ಮನುಷ್ಯನ ದೇಹ ವಿಕಾಸದಿಂದ ಬಂದಿತೇ ಎಂದು ವಿದ್ವಾಂಸರು ಚರ್ಚಿಸಲಿ ಎಂದು ಬಿಟ್ಟುಕೊಟ್ಟರು. ಆದರೆ ಅದೇ ಪತ್ರದಲ್ಲಿ, ಎಲ್ಲರೂ ಒಬ್ಬ ಆದಾಮನ ಸಂತತಿ ಎಂಬುದನ್ನು ಬಿಡಲು ಅವರು ತಯಾರಿರಲಿಲ್ಲ, ಯಾಕೆಂದರೆ ಆದಿಪಾಪದ ಬೋಧನೆ, ಅಂದರೆ ಮೊದಲ ಮನುಷ್ಯ ಆದಾಮನ ಪಾಪ ಎಲ್ಲರಿಗೂ ಹರಿದುಬಂದಿದೆ ಎಂಬ ಮಾತು, ನಿಂತಿರುವುದೇ ಅದರ ಮೇಲೆ. ಈಗ ತಳಿವಿಜ್ಞಾನಿಗಳು ನಮ್ಮ ಜೀನ್‌ಗಳಲ್ಲಿರುವ ವೈವಿಧ್ಯ ನೋಡಿ, ನಮ್ಮ ಪೂರ್ವಜರ ಗುಂಪು ಇಬ್ಬರದಲ್ಲ, ಸಾವಿರಗಳ ಲೆಕ್ಕದ್ದು ಎನ್ನುತ್ತಾರೆ. ಕೆಲವು ದೇವತಾಶಾಸ್ತ್ರಜ್ಞರು ಆದಾಮ ಒಂದು ಸಂಕೇತ ಎನ್ನುತ್ತಾರೆ, ಕೆಲವರು ಆ ದೊಡ್ಡ ಗುಂಪಿನೊಳಗೇ ದೇವರು ಆರಿಸಿಕೊಂಡ ಒಂದು ಜೋಡಿ ಇತ್ತು ಎನ್ನುತ್ತಾರೆ. ಇಲ್ಲಿ ಲೆಮೇತ್ರೆಯ ಬೇಲಿ ಕೆಲಸಕ್ಕೆ ಬರುವುದಿಲ್ಲ, ವಾದ ಇನ್ನೂ ನಡೀತಾನೇ ಇದೆ.