ಕಾಗುಣಿತ ತಿದ್ದುವವರಲ್ಲಿ ಒಂದು ಮಾತು

ಅಂತರ್ಜಾಲದಲ್ಲಿ ಒಬ್ಬರು ತಮ್ಮ ತಾಯಿ ತೀರಿಕೊಂಡ ಸುದ್ದಿಯನ್ನು ಹಂಚಿಕೊಂಡಿರುತ್ತಾರೆ. ಇರುವುದು ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ ‘ಅಮ್ಮನಿಗೆ ಭಾವಪೂರ್ಣ ಶೃದ್ಧಾಂಜಲಿ’ ಎಂದಿರುತ್ತದೆ. ಕೆಳಗೆ ಸಾಂತ್ವನದ ಮಾತುಗಳು ಒಂದೊಂದಾಗಿ ಸೇರುತ್ತಿರುವಾಗ ಯಾರೋ ಒಬ್ಬರು ಬಂದು, “ಶೃದ್ಧಾಂಜಲಿ ಅಲ್ಲ, ಶ್ರದ್ಧಾಂಜಲಿ. ದಯವಿಟ್ಟು ಸರಿಯಾಗಿ ಬರೆಯಿರಿ” ಎಂದು ಬರೆದು ಹೋಗುತ್ತಾರೆ. ಇಂಥದ್ದನ್ನು ನೀವೂ ನೋಡಿರುತ್ತೀರಿ. ತಿದ್ದಿದವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಶಕಾರಕ್ಕೆ ರ ಒತ್ತು ಬರಬೇಕು, ವಟ್ರಸುಳಿ ಬರಬಾರದು. ಆದರೂ ಆ ಸಾಲನ್ನು ಓದಿದವರ ಮನಸ್ಸು ಮುದುಡುತ್ತದೆ. ಹೇಳಿದ ಮಾತು ಸರಿಯಾಗಿದ್ದೂ ಹೇಳಿದ ನಡತೆ ಹೀಗೆ ತಪ್ಪಾಗುವುದು ಹೇಗೆ ಎಂಬುದನ್ನು ಇಂದು ಸ್ವಲ್ಪ ನಿಧಾನವಾಗಿ ನೋಡಬೇಕೆಂದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಗುಣಿತವನ್ನಾಗಲಿ ವ್ಯಾಕರಣವನ್ನಾಗಲಿ ತಿದ್ದುವುದೇ ಅಸಭ್ಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾರೂ ಕೇಳದಿರುವಾಗ, ಎಲ್ಲರ ಕಣ್ಣೆದುರಿಗೆ, ಬರೆದವರು ಹೇಳಹೊರಟ ವಿಷಯದ ಬಗ್ಗೆ ಒಂದು ಮಾತನ್ನೂ ಆಡದೆ ತಿದ್ದುವುದು ಅಸಭ್ಯ. ದುರದೃಷ್ಟವಶಾತ್, ನಾನು ಕಂಡಂತೆ ಅಂತರ್ಜಾಲದಲ್ಲಿ ನಡೆಯುವ ತಿದ್ದುಪಡಿಗಳಲ್ಲಿ ಹೆಚ್ಚಿನವು ಈ ಬಗೆಯವೇ ಆಗಿವೆ.

ಶಾಲೆಯಲ್ಲಿ ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿದ ಪುಸ್ತಕ ಮರಳಿ ವಿದ್ಯಾರ್ಥಿಯ ಕೈಗೇ ಬರುತ್ತಿತ್ತು. ತಿದ್ದಿಸಿಕೊಳ್ಳಲೆಂದೇ ಅವನು ಆ ಪುಸ್ತಕವನ್ನು ಒಪ್ಪಿಸಿದ್ದ; ತಿದ್ದುವವರಿಗೆ ಆ ಹೊಣೆ ಇತ್ತು, ತಿದ್ದಿದ ಮೇಲೆ ಅವನು ಕಲಿತನೋ ಇಲ್ಲವೋ ಎಂದು ಮತ್ತೆ ನೋಡುವ ಹೊಣೆಯೂ ಇತ್ತು. ಪ್ರತಿಕ್ರಿಯೆಯ ಅಂಕಣದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ತಿದ್ದುಪಡಿಯನ್ನು ಮೂಲ ಬರಹದವರಿಗಿಂತ ಹೆಚ್ಚಾಗಿ ಉಳಿದವರು ಓದುತ್ತಾರೆ, ಮೆಚ್ಚುಗೆ ಒತ್ತುತ್ತಾರೆ, ನಗುವ ಚಿಹ್ನೆಯನ್ನು ಅಂಟಿಸುತ್ತಾರೆ. ಒಬ್ಬರಿಗೆ ಹೇಳಿದ ಹಾಗೆ ಕಾಣುವ ಮಾತು ನಿಜವಾಗಿ ಸಭೆಗೆ ಹೇಳಿದ ಮಾತಾಗಿರುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ: ಬರೆದವರು ಅರ್ಧ ನಿಮಿಷದಲ್ಲಿ ತಮ್ಮ ಬರಹವನ್ನು ತೆರೆದು ತಪ್ಪನ್ನು ಸರಿಪಡಿಸಿಕೊಳ್ಳಬಹುದು, ಆದರೆ ಕೆಳಗಿನ ತಿದ್ದುಪಡಿಯನ್ನು ಅವರು ಬದಲಿಸಲಾರರು. ತಪ್ಪು ಹೋದ ಮೇಲೂ ತಪ್ಪಿನ ಕಡೆಗೆ ಚಾಚಿದ ಬೆರಳು ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ತಿದ್ದುವವರು ಸಾಮಾನ್ಯವಾಗಿ ಒಂದು ಊಹೆಯ ಮೇಲೆ ತಿದ್ದುತ್ತಾರೆ: ಬರೆದವರಿಗೆ ಗೊತ್ತಿಲ್ಲ, ನಾನು ತಿಳಿಸುತ್ತಿದ್ದೇನೆ ಎಂಬುದೇ ಆ ಊಹೆ. ಮೊಬೈಲಿನಲ್ಲಿ ಕನ್ನಡ ಬರೆಯುವ ರೀತಿಯನ್ನು ಬಲ್ಲವರಿಗೆ ಈ ಊಹೆ ಎಷ್ಟು ಸಲ ಸುಳ್ಳಾಗುತ್ತದೆಂಬುದು ತಿಳಿದಿದೆ. ನಮ್ಮಲ್ಲಿ ಬಹಳ ಮಂದಿ ರೋಮನ್ ಅಕ್ಷರಗಳನ್ನು ಒತ್ತಿ ಕನ್ನಡವನ್ನು ಮೂಡಿಸುತ್ತೇವೆ. ಇಂಥ ಹಲವು ಕೀಲಿಮಣೆಗಳಲ್ಲಿ ಸಣ್ಣ ‘ಎನ್’ ಒತ್ತಿದರೆ ನಕಾರ, ದೊಡ್ಡ ‘ಎನ್’ ಒತ್ತಿದರೆ ಣಕಾರ. ಲಕಾರಕ್ಕೂ ಳಕಾರಕ್ಕೂ ಇರುವ ಅಂತರವೂ ಅಷ್ಟೇ. ಒಂದು ‘ಎಚ್’ ಹೆಚ್ಚಾದರೆ ದಕಾರ ಹೋಗಿ ಧಕಾರವಾಗುತ್ತದೆ, ‘ವಿದ್ಯಾರ್ಥಿ’ ಎಂಬುದು ‘ವಿಧ್ಯಾರ್ಥಿ’ಯಾಗುತ್ತದೆ. ಇದರ ಜೊತೆಗೆ ಫೋನು ತಾನೇ ಮುಂದಿಡುವ ಪದಗಳ ಪಟ್ಟಿಯಲ್ಲಿ ಬೆರಳು ಪಕ್ಕದ ಪದಕ್ಕೆ ತಾಗುವುದುಂಟು, ಆಡಿದ ಮಾತನ್ನು ಫೋನು ತನಗೆ ಕೇಳಿಸಿದಂತೆ ಬರೆದುಕೊಳ್ಳುವುದೂ ಉಂಟು. ತಾನು ಬರೆದದ್ದನ್ನು ತಾನೇ ಓದುವಾಗ ಮನಸ್ಸು ತಾನು ಹೇಳಬೇಕೆಂದಿದ್ದನ್ನೇ ಕಾಣುತ್ತದಾದ್ದರಿಂದ, ಬರೆದವರ ಕಣ್ಣಿಗೆ ಆ ತಪ್ಪು ಬೀಳದೆ ಹೋಗುವುದು ತೀರ ಸಹಜ. ಇವೆಲ್ಲವುಗಳ ಆಚೆಗೆ, ಬುದ್ಧಿಗೂ ವಿದ್ಯೆಗೂ ಯಾವ ಕೊರತೆಯೂ ಇಲ್ಲದೆ, ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಡಕಿನಿಂದಾಗಿ ಅಕ್ಷರಗಳನ್ನು ಕೂಡಿಸುವುದು ಜೀವನವಿಡೀ ಕಷ್ಟವಾಗಿಯೇ ಉಳಿದಿರುವವರು ಇದ್ದಾರೆ. ತೆರೆಯ ಮೇಲೆ ಕಾಣುವ ತಪ್ಪಿನ ಹಿಂದೆ ಇವುಗಳಲ್ಲಿ ಯಾವುದಿದೆ ಎಂದು ತಿದ್ದುವವರಿಗೆ ತಿಳಿಯುವ ದಾರಿಯೇ ಇಲ್ಲ.

ಮಿಷಿಗನ್ ವಿಶ್ವವಿದ್ಯಾಲಯದ ಜೂಲಿ ಬೋಲಂಡ್ ಮತ್ತು ರಾಬಿನ್ ಕ್ವೀನ್ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮನೆಯನ್ನು ಹಂಚಿಕೊಳ್ಳಲು ಜೊತೆಗಾರರು ಬೇಕೆಂಬ ಜಾಹೀರಾತಿಗೆ ಬಂದ ಉತ್ತರಗಳೆಂದು ಹೇಳಿ ಅವರು ಕೆಲವು ಇಂಗ್ಲಿಷ್ ಇಮೇಲ್‌ಗಳನ್ನು 83 ಮಂದಿಗೆ ಓದಿಸಿದರು. ಕೆಲವು ಇಮೇಲ್‌ಗಳಲ್ಲಿ ತಪ್ಪುಗಳಿರಲಿಲ್ಲ, ಕೆಲವುಗಳಲ್ಲಿ ಬೆರಳಚ್ಚಿನ ತಪ್ಪುಗಳಿದ್ದವು, ಮತ್ತೆ ಕೆಲವುಗಳಲ್ಲಿ ವ್ಯಾಕರಣದ ತಪ್ಪುಗಳಿದ್ದವು. ಒಟ್ಟಾರೆಯಾಗಿ ತಪ್ಪಿದ್ದ ಇಮೇಲ್ ಬರೆದವರಿಗೆ ಕಡಿಮೆ ಅಂಕ ಬಿತ್ತು, ಇದು ನಿರೀಕ್ಷಿತವೇ. ಗಮನಿಸಬೇಕಾದದ್ದು ಬೇರೆ: ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಗುಣ ಕಡಿಮೆಯಿದ್ದವರು ವ್ಯಾಕರಣದ ತಪ್ಪುಗಳನ್ನು ಕಂಡು ಹೆಚ್ಚು ಕಟುವಾಗಿ ತೀರ್ಪು ಕೊಟ್ಟರು, ಜನರೊಂದಿಗೆ ಸುಲಭವಾಗಿ ಬೆರೆಯುವವರು ಅದೇ ತಪ್ಪುಗಳನ್ನು ನೋಡಿಯೂ ಮುಂದೆ ಸಾಗಿದರು. ಒಂದು ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಬಾರದು. ಆದರೂ ಕೆಟ್ಟ ಕಾಗುಣಿತವನ್ನು ಕಂಡಾಗ ನಮ್ಮೊಳಗೆ ಏಳುವ ಸಿಟ್ಟು ಪೂರ್ತಿಯಾಗಿ ಭಾಷಾಪ್ರೇಮದಿಂದಲೇ ಹುಟ್ಟಿದ್ದೇ ಎಂದು ಕೇಳಿಕೊಳ್ಳಲು ಇಷ್ಟು ಸಾಕು.

ತಪ್ಪೆಂದು ತಿದ್ದುವುದೆಲ್ಲ ತಪ್ಪಾಗಿರುವುದೂ ಇಲ್ಲ. ತನ್ನ ಸೀಮೆಯ ಮಾತಿನಲ್ಲಿ ಬರೆದವರಿಗೆ ಪಠ್ಯಪುಸ್ತಕದ ರೂಪವನ್ನು ತೋರಿಸಿ ‘ಇದು ಕನ್ನಡವೇ’ ಎಂದು ಕೇಳುವವರಿದ್ದಾರೆ. ಅದು ತಿದ್ದುವುದಾಗದು, ಅದು ಅವಮಾನ. ಭಾಷೆಯೇ ಹೇಗೆ ನಡೆದು ಬಂದಿದೆ ನೋಡಿ. ಹಳಗನ್ನಡದ ‘ಪಾಲ್’ ನಮ್ಮ ಹಾಲಾಯಿತು, ‘ಪುಲಿ’ ಹುಲಿಯಾಯಿತು. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ೞಕಾರವಿರುವ ಪದಗಳನ್ನು ಒಂದೆಡೆ ಸೇರಿಸಿ ಪಟ್ಟಿ ಮಾಡಿದ್ದಾನೆ. ಆ ಅಕ್ಷರವೇ ಇಂದು ನಮ್ಮ ಬಳಕೆಯಲ್ಲಿ ಇಲ್ಲ. ‘ಬಾೞೆ’ ಎಂದು ಬರೆಯುತ್ತಿದ್ದುದನ್ನು ನಾವೆಲ್ಲರೂ ‘ಬಾಳೆ’ ಎಂದು ಬರೆಯುತ್ತೇವೆ, ಯಾರೂ ನಮ್ಮನ್ನು ತಡೆಯುವುದಿಲ್ಲ. ಹಾಗೆಂದು ಇಂದಿನ ಕಾಗುಣಿತಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಎಲ್ಲರೂ ಒಂದೇ ರೀತಿ ಬರೆದರೆ ಓದು ಸಲೀಸಾಗುತ್ತದೆ, ಅದಕ್ಕಾಗಿ ಮಾಡಿಕೊಂಡ ಒಪ್ಪಂದ ಅದು. ಆ ಒಪ್ಪಂದದಿಂದ ಯಾರ ಯೋಗ್ಯತೆಯನ್ನೂ ಅಳೆಯಲಾಗದು.

ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬರೆಯುವುದನ್ನೇ ನಿಲ್ಲಿಸಿಬಿಡುವವರ ಸಂಗತಿ. ಕನ್ನಡ ಮಾಧ್ಯಮದಲ್ಲಿ ಓದದವರು, ಮನೆಮಾತು ಬೇರೆಯಾಗಿರುವವರು, ಶಾಲೆಯನ್ನು ಅರ್ಧಕ್ಕೇ ಬಿಟ್ಟು ದುಡಿಮೆಗೆ ಇಳಿದವರು, ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತವರು, ಇವರೆಲ್ಲರೂ ಅಳುಕುತ್ತಲೇ ಬರೆಯಲು ತೊಡಗುತ್ತಾರೆ. ಅವರ ಬಳಿ ಹೇಳಲು ಅನುಭವವಿದೆ, ಕೈಕೆಲಸದ ತಿಳಿವಳಿಕೆಯಿದೆ, ಕಾಗುಣಿತದಲ್ಲಿ ಪಳಗಿದ ನಮ್ಮಂಥವರಿಗೆ ಗೊತ್ತಿರದ ಎಷ್ಟೋ ಪದಗಳಿವೆ. ಅವರ ಮೊದಲ ಬರಹಕ್ಕೆ ಸಿಕ್ಕ ಮೊದಲ ಪ್ರತಿಕ್ರಿಯೆಯೇ ‘ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ಗೊತ್ತಿಲ್ಲದವರು ಬರೆಯಬೇಡಿ’ ಎಂದಾದರೆ ಎರಡನೆಯ ಬರಹ ಬರುವುದಿಲ್ಲ. ಬಂದರೂ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತದೆ, ಏಕೆಂದರೆ ಅಲ್ಲಿ ಯಾರೂ ಒತ್ತಕ್ಷರವನ್ನು ಪರೀಕ್ಷಿಸುವುದಿಲ್ಲ. ಭಾಷೆಯನ್ನು ಕಾಯುತ್ತಿದ್ದೇನೆಂದು ನಂಬಿರುವವರು ಹೀಗೆ ಅದೇ ಭಾಷೆಯ ಬರಹಗಾರರನ್ನು ಹೊರಗಟ್ಟುತ್ತಿದ್ದಾರೆ. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ತಿದ್ದುವವರಲ್ಲಿ ಬಹಳ ಮಂದಿಗೆ ಕನ್ನಡದ ಮೇಲಿರುವ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ.

ಯಾರೂ ತಿದ್ದದೆ ಹೋದರೆ ಭಾಷೆ ಕೆಡುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತಿದ್ದಲೇಬೇಕಾದ ಕಡೆಗಳು ಇವೆ, ಅಲ್ಲಿ ಸಂಕೋಚಪಡಬಾರದು. ಸುದ್ದಿವಾಹಿನಿಯ ತಲೆಬರಹ, ಸರಕಾರದ ಪ್ರಕಟಣೆ, ಪಠ್ಯಪುಸ್ತಕ, ಕಂಪನಿಗಳ ಜಾಹೀರಾತು, ಇವುಗಳನ್ನು ಬರೆಯುವವರಿಗೆ ಸಂಬಳವಿದೆ, ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದಿಸುವ ಹೊಣೆಯೂ ಇದೆ. ಅವರ ತಪ್ಪನ್ನು ಬಹಿರಂಗವಾಗಿ, ಬೇಕಾದರೆ ಗಟ್ಟಿಯಾಗಿಯೇ ಹೇಳಬಹುದು. ಅರ್ಥ ಕೆಟ್ಟು ಅಪಾಯವಾಗುವಂತಿದ್ದರೆ ಒಂದು ಕ್ಷಣವೂ ಕಾಯಬಾರದು: ಔಷಧದ ಪ್ರಮಾಣವನ್ನು ಹೇಳುವಾಗ ಮಿಲಿಗ್ರಾಂ ಎಂದಿರಬೇಕಾದ ಕಡೆ ಗ್ರಾಂ ಎಂದಾದರೆ ಪ್ರಮಾಣ 1000 ಪಟ್ಟು ಹೆಚ್ಚುತ್ತದೆ, ಅಂಥದ್ದನ್ನು ಎಲ್ಲರಿಗೂ ಕಾಣುವ ಹಾಗೆಯೇ ತಿದ್ದಬೇಕು. ‘ತಪ್ಪಿದ್ದರೆ ತಿಳಿಸಿ’ ಎಂದು ಬರೆದವರೇ ಕೇಳಿಕೊಂಡಿದ್ದರೆ ತಿಳಿಸದಿರುವುದೇ ಅಸಡ್ಡೆಯಾಗುತ್ತದೆ. ಗೆಳೆಯರು ಕೆಲಸಕ್ಕೆಂದು ಬರೆದ ಅರ್ಜಿಯಲ್ಲಿ ತಪ್ಪು ಕಂಡೂ ‘ಚೆನ್ನಾಗಿದೆ’ ಎಂದು ಕಳುಹಿಸಿಬಿಡುವ ಸೌಜನ್ಯವನ್ನು ನಾನು ಸೌಜನ್ಯವೆಂದು ಕರೆಯಲಾರೆ.

ಉಳಿದ ಕಡೆಗಳಲ್ಲಿ, ಹೇಳಲೇಬೇಕೆನಿಸಿದರೆ, ಖಾಸಗಿ ಸಂದೇಶದ ದಾರಿ ಯಾವಾಗಲೂ ತೆರೆದಿರುತ್ತದೆ. ಮೊದಲು ಅವರು ಬರೆದ ವಿಷಯದ ಬಗ್ಗೆ ಮನಸ್ಸಿನಲ್ಲಿರುವುದನ್ನು ಬರೆಯಿರಿ. ವಿಷಯದ ಬಗ್ಗೆ ಹೇಳಲು ಏನೂ ಇಲ್ಲದಿದ್ದರೆ ತಿದ್ದುವ ಆತುರವನ್ನೂ ಬಿಡಿ. ಆಮೇಲೆ ಸರಿಯಾದ ರೂಪವನ್ನು ಒಂದೇ ಸಾಲಿನಲ್ಲಿ ತಿಳಿಸಿ, ಹತ್ತು ತಪ್ಪುಗಳಿದ್ದರೂ ಓದಿಗೆ ಅಡ್ಡಿಯಾಗುವ ಒಂದನ್ನೋ ಎರಡನ್ನೋ ಮಾತ್ರ ಎತ್ತಿಕೊಳ್ಳಿ. ಕಳುಹಿಸುವ ಮುನ್ನ ನಿಘಂಟನ್ನು ನೋಡುವುದೂ ಅಗತ್ಯ. ಇನ್ನೊಬ್ಬರ ಬರಹದ ತಪ್ಪನ್ನು ಹಿಡಿಯುವ ಬರಹದಲ್ಲಿ ತಪ್ಪೊಂದು ನುಸುಳಿಯೇ ತೀರುತ್ತದೆಂಬುದನ್ನು ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್‌ಸಂಡ್ 1992ರಲ್ಲೇ ಒಂದು ನಿಯಮದ ರೂಪದಲ್ಲಿ ಬರೆದಿಟ್ಟಿದ್ದಾರೆ. ಕನ್ನಡದಲ್ಲಿ ಇದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. ‘ನಿಮ್ಮ ಉಚ್ಛಾರಣೆ ಸರಿಯಿಲ್ಲ’ ಎಂದು ಇಲ್ಲದ ಮಹಾಪ್ರಾಣವನ್ನು ಸೇರಿಸಿ ಇನ್ನೊಬ್ಬರನ್ನು ತಿದ್ದುವವರು ಆಗಾಗ ಸಿಗುತ್ತಾರೆ, ಅಲ್ಲಿ ಇರಬೇಕಾದದ್ದು ‘ಉಚ್ಚಾರಣೆ’.

ಸಂದೇಶ ತಲುಪಿದ ಮೇಲೆ ಬರೆದವರು ಧನ್ಯವಾದ ಹೇಳಬಹುದು, ಸುಮ್ಮನಿರಬಹುದು, ತಿದ್ದಿಕೊಳ್ಳದೆಯೂ ಬಿಡಬಹುದು. ಬರಹ ಅವರದು. ಎರಡನೆಯ ಬಾರಿ ನೆನಪಿಸುವ ಹಕ್ಕು ನಮಗಿಲ್ಲ.